ಎಂಟು ಅಂತಲೇ ಹೇಳಿ

ಜಯಲಕ್ಷ್ಮಿಪುರಂನ ಮಹಡಿ ಮನೆಗಳಿಗೆಲ್ಲ ಗ್ಯಾಸ್ ಸಿಲಿಂಡರ್ ಹೊತ್ತು ಹಾಕುತ್ತಿದ್ದ ಅಂತೋಣಿಸ್ವಾಮಿಗೆ ಯಾರಿಗೂ ಹೆದರಿ ಅಭ್ಯಾಸವಿರಲಿಲ್ಲ. ಸೊಂಟ ಹಿಡಿದುಕೊಂಡ ಮೇಲೆ ಆಸ್ಪತ್ರೆಯ ಒಬ್ಬ ಹುಡುಗಿಗೆ ಹೆದರತೊಡಗಿದ.

ಫಿಸಿಯೋಥೆರಪಿಯ ಶಿಲ್ಪಶ್ರೀ ಅವಳು. ರೋಗಿಗಳು ಹೇಳುವ ನೋವಿನ ಅಳತೆಯನ್ನು ಎಷ್ಟು ನಂಬಬಹುದು ಎಂದು ಪರೀಕ್ಷಿಸುತ್ತಿದ್ದಳು. ಹೋದ ವಾರ ಅವನನ್ನೂ ಕೇಳಿದ್ದಳು: "ನೋವೇ ಇಲ್ಲ ಅಂದ್ರೆ ಸೊನ್ನೆ, ತಡ್ಕೊಳ್ಳೋಕೇ ಆಗಲ್ಲ ಅಂದ್ರೆ ಹತ್ತು. ನಿಮ್ಮದೆಷ್ಟು ಅಂಕಲ್?" ಅವನು ಎಂಟು ಅಂದಿದ್ದ. "ಮುಂದಿನ ವಾರ ಮತ್ತೆ ಕೇಳ್ತೀನಿ. ನೋವು ಹಂಗೇ ಇದ್ರೆ ನಂಬರೂ ಹಂಗೇ ಬರಬೇಕು" ಎಂದಿದ್ದಳು.

ಅವನ ತಲೆಗೆ ಹೊಕ್ಕಿದ್ದು ಒಂದೇ. ನಂಬರ್ ಬದಲಾದರೆ ತನ್ನನ್ನು ಸುಳ್ಳ ಅನ್ನುತ್ತಾರೆ. ಸುಳ್ಳನಿಗೆ ಗ್ಯಾಸ್ ಏಜೆನ್ಸಿಯವರು ರಜೆ ಕೊಡುವುದಿಲ್ಲ.

ಇವತ್ತು ಬೆಳಿಗ್ಗೆ ಎದ್ದಾಗ ನೋವು ಮಾಯವಾಗಿತ್ತು. ಖುಷಿಯಾಗಿ ಮಂಚದಿಂದ ಇಳಿದರೆ ಬಲಪಾದ ಎತ್ತಲು ಬಾರದೆ ನೆಲಕ್ಕೆ ಪಟಪಟ ಬಡಿಯಿತು. ಬೋಗಾದಿಯಲ್ಲಿ ಆಟೋ ಹತ್ತುವಾಗ ಹೆಂಡತಿ ಆರೋಗ್ಯಮೇರಿ, "ಚಪ್ಪಲಿ ಎಲ್ರೀ?" ಎಂದು ಹಿಂದೆ ತಿರುಗಿ ನೋಡಿದಳು. ಹೊಸ ಕಟ್ಟಡದ ಜಲ್ಲಿರಾಶಿಯ ಆಚೆ ಬಿದ್ದಿತ್ತು. ಬರಿಗಾಲಲ್ಲಿ ಜಲ್ಲಿ ತುಳಿದು ಬಂದಿದ್ದ, ಒಂದೂ ಚುಚ್ಚಿರಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಪಿಸುಗುಟ್ಟಿದಳು. "ಎಂಟು ಅಂತಲೇ ಹೇಳಿ. ಈಗ ಸೊನ್ನೆ ಅಂದ್ರೆ ನಾಟಕ ಕಟ್ಟಿದ್ದ ಅಂತಾರೆ."

"ನೋವಿಲ್ವಲ್ಲ ಮೇರಿ."

"ಮನೇಲಿ ನೆಗಡಿ ಬಂದ್ರೆ ಬೀದಿಗೆಲ್ಲ ಕೇಳೋ ಹಂಗೆ ನರಳ್ತೀರಿ. ಇಲ್ಲಿ ಒಂಚೂರು ನರಳೋಕೆ ಏನು ದಾಡಿ?"

ಬೈಯುತ್ತಿದ್ದರೂ ಅವಳ ಕೈ ಅವನ ತೋಳನ್ನು ಬಿಟ್ಟಿರಲಿಲ್ಲ. ಅವಳಿಗೆ ಹೇಳದೆ ಉಳಿಸಿಕೊಂಡಿದ್ದ ವಿಷಯ ಇನ್ನೊಂದಿತ್ತು. ಬೆಳಗಿನಿಂದ ಮೂತ್ರ ಬಂದಿರಲಿಲ್ಲ. ತೊಳೆದುಕೊಳ್ಳುವಾಗ ಮುಟ್ಟಿದ ಚರ್ಮ ಬೇರೆ ಯಾರದೋ ಎನ್ನುವಂತಿತ್ತು.

ಒಳಗೆ ಕರೆದರು.

"ಎಷ್ಟು ಅಂಕಲ್ ಇವತ್ತು?"

"ಎಂಟು."

"ಹೋದ ಸಲದ್ದೇ ಬಂತಲ್ಲ, ಒಳ್ಳೇದು. ಆಯ್ತು, ಹೊರಡಿ."

ಇಷ್ಟೇ. ಆರೋಗ್ಯಮೇರಿ ಬ್ಯಾಗು ಹೆಗಲಿಗೇರಿಸಿದಳು. ಅಂತೋಣಿಸ್ವಾಮಿ ಬಾಗಿಲ ತನಕ ಹೋದ, ಹೊಸ್ತಿಲು ದಾಟಲು ಬಲಗಾಲು ಎತ್ತಹೋದ. ಕಾಲು ಏಳಲಿಲ್ಲ. ಸುಳ್ಳ ಅನ್ನಿಸಿಕೊಳ್ಳುವ ಭಯ ಆ ಕ್ಷಣಕ್ಕೆ ಎಲ್ಲಿ ಹೋಯಿತೋ. ಚೌಕಟ್ಟು ಹಿಡಿದು ತಿರುಗಿದ.

"ಸುಳ್ಳು ಹೇಳ್ಬುಟ್ಟೆ ಕಣಮ್ಮ. ನೋವಿಲ್ಲ. ಕಾಲೂ ಇಲ್ಲ. ಬೆಳಿಗ್ಗೆಯಿಂದ ಉಚ್ಚೆ ಬಂದಿಲ್ಲ."

"ನಂಗೂ ಹೇಳಲಿಲ್ವಲ್ರೀ" ಎಂದಳು ಆರೋಗ್ಯಮೇರಿ.

ಹುಡುಗಿ ಬೈಯುತ್ತಾಳೆ ಎಂದು ಕಾದ. ಬೈಯಲಿಲ್ಲ. ಅವಳು ಅವನನ್ನು ಹಿಡಿದು ಮಂಚದ ಮೇಲೆ ಮಲಗಿಸಿದಳು. "ಕಣ್ಣು ಮುಚ್ಚಿ ಅಂಕಲ್. ನಾನು ಮುಟ್ಟಿದ ತಕ್ಷಣ ಹೇಳಿ."

ಮುಚ್ಚಿದ. ಮುಟ್ಟಲಿ ಎಂದು ಉಸಿರು ಬಿಗಿಹಿಡಿದ. ಪಕ್ಕದಲ್ಲಿ ಮೇರಿ ಪ್ರಾರ್ಥನೆ ಮಣಮಣಿಸುವುದು ಕೇಳಿಸುತ್ತಿತ್ತು.

"ಮುಟ್ಟಮ್ಮ ಮತ್ತೆ" ಎಂದ.

ಕಣ್ಣು ಬಿಟ್ಟ. ಅವಳ ಕೈ ಅವನ ಪಾದವನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಇನ್ನೊಂದು ಕೈಯಲ್ಲಿ ಫೋನು. "ಸರ್, ಸೊಂಟದಲ್ಲಿ ನರ ಒತ್ತಿಕೊಂಡಿದೆ, ಆಪರೇಷನ್ ಥಿಯೇಟರ್ ಖಾಲಿ ಮಾಡಿಸಿ" ಎನ್ನುತ್ತಿದ್ದಳು, "ನಾಳೆಗಲ್ಲ ಸರ್, ಈಗಲೇ."