ನವೆಂಬರಿನ ಸರ್ಟಿಫಿಕೇಟು

"ಲಗೂನ ಸಹಿ ಮಾಡು. ಬ್ಯಾಂಕಿಗೆ ಕೊಟ್ಟು ಆಫೀಸಿಗೆ ಹೋಗಬೇಕು ನಾ," ಎಂದು ಗುರುರಾಜ ಕಾಗದವನ್ನು ತಂಗಿಯ ಮುಂದೆ ಸರಿಸಿದ.

ಶುಭಾ ಪೆನ್ನು ಹಿಡಿದಳು, ಕೆಳಗಿಟ್ಟಳು, ಎದ್ದು ಹೋಗಿ ಫ್ಯಾನು ಜೋರು ಮಾಡಿ ಬಂದಳು. ಸಿಂಗಾಪುರದಿಂದ ಬಂದು ಮೂರು ದಿನವಾಗಿತ್ತು. ಮೆಹದಿಪಟ್ಟಣದ ಈ ಮನೆಯಲ್ಲಿ ಅವಳು ಒಂದು ಕಡೆ ಕೂತದ್ದೇ ಇಲ್ಲ.

ಅಪ್ಪ ಸರ್ಕಾರಿ ನೌಕರರಾಗಿದ್ದವರು. ಅವರು ಹೋದ ಮೇಲೆ, ಮದುವೆಯಾಗದ ಮಗಳೆಂದು ಅವಳಿಗೆ ಪಿಂಚಣಿ ಬರುತ್ತಿತ್ತು. ಪ್ರತಿ ನವೆಂಬರಿನಲ್ಲೂ 'ಈಕೆ ಅವಿವಾಹಿತೆ' ಎಂದು ಗೆಜೆಟೆಡ್ ಅಧಿಕಾರಿಯೊಬ್ಬರು ಬರೆದುಕೊಡಬೇಕು. ಮನೆಯಲ್ಲೇ ಒಬ್ಬ ಅಧಿಕಾರಿ ಇರುವಾಗ ಕಂಡವರ ಬಾಗಿಲಿಗೆ ಯಾಕೆ ಹೋಗಬೇಕು? ಗುರುರಾಜನೇ ಬರೆದು ಮೊಹರು ಒತ್ತುತ್ತಿದ್ದ. ಚಿಕ್ಕಪ್ಪನ ಮಗಳು ಮಧುರಾ ಸಾಫ್ಟ್‌ವೇರ್ ನೌಕರಿಗೆಂದು ಸಿಂಗಾಪುರಕ್ಕೆ ಹೋದವಳು, ತನ್ನ ಕೂಸು ನೋಡಿಕೊಳ್ಳಲು ಶುಭಾಳನ್ನು ಅಲ್ಲಿಗೆ ಕರೆಸಿಕೊಂಡ ಮೇಲೂ ಇದು ತಪ್ಪಿರಲಿಲ್ಲ.

"ಅಣ್ಣಾ, ಮಾರ್ಚಿನಿಂದ ಬಂದ ರೊಕ್ಕ ನಂದಲ್ಲ. ವಾಪಸ್ ಕಟ್ಟಬೇಕು."

"ಪರದೇಶದಾಗ ಇದ್ರ ಪಿಂಚಣಿ ನಿಲ್ಲಂಗಿಲ್ಲ. ನಾ ವಿಚಾರಿಸೀನಿ." ಅವನು ನಕ್ಕ. "ಸರ್ಕಾರಕ್ಕ ತಿರುಗಿ ಕೊಡ್ಲಿಕ್ಕೆ ಹೋದ್ರ ತಗೊಳ್ಳೋರೇ ಹೆದರತಾರ."

ಸಹಿ ಹಾಕಿದರೆ ತವರು ಉಳಿಯುತ್ತದೆ. ಆದರೆ ಸುಳ್ಳಿನ ಮೇಲೆ ಅಣ್ಣನ ಮೊಹರು; ನಾಳೆ ಗೊತ್ತಾದರೆ ಅವನ ನೌಕರಿಗೇ ಸಂಚಕಾರ. ಶುಭಾ ಪೆನ್ನೆತ್ತಿ 'ಅವಿವಾಹಿತೆ' ಎಂಬ ಪದದ ಮೇಲೆ ಒಂದು ಗೀಟು ಎಳೆದಳು.

ಗುರುರಾಜ ಕಾಗದವನ್ನು ತನ್ನತ್ತ ಎಳೆದುಕೊಂಡು ಆ ಗೀಟನ್ನು ನೋಡಿದ.

"ಯಾವಾಗ?"

"ಮಾರ್ಚ್ ಹದಿನಾಲ್ಕಕ್ಕ. ರಿಜಿಸ್ಟರ್ ಲಗ್ನ. ಚಂದ್ರಾಮ ಅಂತ, ಶಹಾಪುರದ ಕಡೆಯವರು. ಸಿಂಗಾಪುರದಾಗೇ ಮೆಸ್ ನಡಸ್ತಾರ."

ಹೆಸರು ಕೇಳಿದರೆ ಸಾಕು, ಜಾತಿ ತಿಳಿಯುವ ಕಿವಿಗಳು ಈ ಮನೆಯವು. ಆದರೆ ಗುರುರಾಜ ಬೇರೇನೋ ನೆನಪು ಮಾಡಿಕೊಳ್ಳುತ್ತಿದ್ದ.

"ಅಪ್ಪನ ಶ್ರಾದ್ಧದ ಮರುದಿನ. ಸಂಜೀಕ ನಾ ಫೋನ್ ಮಾಡಿದ್ದೆ."

"ಮಾಡಿದ್ದಿ."

"ಏನ ಮಾತಾಡಿದ್ವಿ?"

"ತೊಗರಿಬ್ಯಾಳಿ ರೇಟು."

ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಆವಾಗ ಹೇಳಿದ್ರ ನಾ ಬ್ಯಾಡ ಅಂತಿದ್ನೇನು?"

ಶುಭಾ ಪೆನ್ನಿನ ಮುಚ್ಚಳ ಹಾಕಿದಳು.

"ಅಂತಿದ್ದೆ," ಎಂದ ಅವನೇ.

ಸರ್ಟಿಫಿಕೇಟನ್ನು ಹರಿದು, ಬಿಳಿ ಹಾಳೆ ತೆಗೆದು, ಹಣ ಹಿಂತಿರುಗಿಸುವ ಅರ್ಜಿ ಬರೆಯಲು ಕೂತ. 'ಶ್ರೀಮತಿ ಶುಭಾ' ಎಂದು ಬರೆದು ಕೈ ನಿಲ್ಲಿಸಿದ.

"ಚಂದ್ರಾಮ ಅವರ ಅಡ್ಡಹೆಸರು ಏನು?"

ಅವಳು ಹೇಳಿದ್ದನ್ನು ಅವನು ಬರೆದುಕೊಂಡ. ಅಡುಗೆಮನೆಯಿಂದ ಅತ್ತಿಗೆ ಕೃಷ್ಣಾಬಾಯಿ ಕೂಗಿ ಕೇಳಿದಳು: "ಯಾರ ಲಗ್ನದ ಮಾತರೀ ಅದು?"

"ನಮ್ಮ ಶುಭಾಂದು," ಎಂದ ಗುರುರಾಜ, ತಲೆ ಎತ್ತದೆ.

ಕೃಷ್ಣಾಬಾಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಮೊದಲು ನೋಡಿದ್ದು ನಾದಿನಿಯ ಪಾದಗಳನ್ನು. ಕಾಲುಂಗುರವಿಲ್ಲದ ಬೆರಳುಗಳನ್ನು ಶುಭಾ ಸೀರೆಯ ಅಂಚಿನೊಳಗೆ ಎಳೆದುಕೊಂಡಳು.