ಹನ್ನೆರಡು ಕೊಸರು ತೂತುಗಳು

"ಇಷ್ಟೊಂದು ತೂತು ಯಾಕಣ್ಣಾ?" ಲಾವಣ್ಯಳಿಗೆ ಅಳುವೇ ಬರುವಂತಾಯಿತು.

ಆಳೆತ್ತರದ ಪಿವಿಸಿ ಪೈಪನ್ನು ಒರೆಸುತ್ತಿದ್ದ ಸಿದ್ದರಾಜು ಹೆಮ್ಮೆಯಿಂದ ನಕ್ಕ. "ಡ್ರಾಯಿಂಗಲ್ಲಿ ಒಂದೇ ಕೊಟ್ಟಿದ್ರಿ ಮೇಡಂ. ಅಷ್ಟು ದೊಡ್ಡ ಸಮುದ್ರಕ್ಕೆ ಒಂದು ತೂತು ಎಲ್ಲಿ ಸಾಕಾಗ್ತದೆ? ಇನ್ನೂ ಹನ್ನೆರಡು ಹೊಡ್ದಿದೀನಿ. ಕೊಸರು ಅಂದ್ಕೊಳ್ಳಿ."

ಪೀಣ್ಯದ ಆ ಶೆಡ್ಡಿನಲ್ಲಿ ಸಿದ್ದರಾಜುವಿನ ಕೊಸರು ಪ್ರಸಿದ್ಧ. ಎರಡು ಬೋಲ್ಟು ಕೇಳಿದವರಿಗೆ ಮೂರು ಕೊಡುವ ಪುಣ್ಯಾತ್ಮ. ಅವನ ತಾಯಿ ಮಾಕಳಿಯಲ್ಲಿ ಸೊಪ್ಪು ಮಾರುವಾಗ ಪ್ರತಿ ಕಟ್ಟಿನ ಮೇಲೂ ನಾಲ್ಕು ದಂಟು ಹೆಚ್ಚಿಗೆ ಇಡುತ್ತಿದ್ದಳಂತೆ. ಇಂಥವನನ್ನು ಬೈಯುವುದಾದರೂ ಹೇಗೆ?

ನದಿ ಸಮುದ್ರ ಸೇರುವ ಅಳಿವೆಯಲ್ಲಿ ಉಬ್ಬರದ ನೀರು ಎಷ್ಟು ಏರುತ್ತದೆ, ಎಷ್ಟು ಒಳಗೆ ನುಗ್ಗುತ್ತದೆ ಎಂದು ಲಾವಣ್ಯ ಎರಡು ವರ್ಷದಿಂದ ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುತ್ತಿದ್ದಳು. ಅದು ಸರಿಯೋ ತಪ್ಪೋ ತಿಳಿಯಲು ನಾಳೆ ಅಮಾವಾಸ್ಯೆಯ ದೊಡ್ಡ ಉಬ್ಬರವನ್ನು ಅಲ್ಲೇ ಈ ಪೈಪು ನಿಲ್ಲಿಸಿ ಅಳೆಯಬೇಕಿತ್ತು. ಮಳೆ ಹಿಡಿದರೆ ಮತ್ತೆ ದೀಪಾವಳಿಯವರೆಗೆ ಕಾಯಬೇಕು. ಕುಮಟಾಕ್ಕೆ ಹೊರಟ ಜೀಪು ಆಗಲೇ ಬಾಗಿಲಲ್ಲಿ ನಿಂತಿತ್ತು.

"ನೀರು ಜಾಸ್ತಿ ಬರೋದೇ ಬೇಡ ಅಣ್ಣಾ. ಹೊರಗೆ ಅಲೆ ಕುಣೀತಾ ಇರುತ್ತೆ. ಪೈಪೊಳಗೆ ಮಾತ್ರ ನೀರು ನಿಧಾನಕ್ಕೆ ಏರ್ಬೇಕು, ನಿಧಾನಕ್ಕೆ ಇಳೀಬೇಕು. ಆಗ್ಲೇ ಉಬ್ಬರ ಎಷ್ಟು ಅಂತ ಗೊತ್ತಾಗೋದು. ಇಷ್ಟು ತೂತಿದ್ರೆ ಅಲೆನೂ ಒಳಗೇ ಬಂದ್ಬಿಡುತ್ತೆ."

ಸಿದ್ದರಾಜು ಪೆಚ್ಚಾದ. "ನಾನು ಸಮುದ್ರ ಕಂಡೋನಲ್ಲ ಮೇಡಂ," ಎಂದ ಮೆಲ್ಲಗೆ. ಆಮೇಲೆ ಅಂಗಿಯ ತೋಳು ಮಡಚಿಕೊಂಡ. "ಎರಡು ಗಂಟೆ ಟೈಮ್ ಕೊಡಿ."

ಊಟದ ಡಬ್ಬಿಯನ್ನು ಮುಟ್ಟಲೇ ಇಲ್ಲ. ಪ್ಲಾಸ್ಟಿಕ್ ಸರಳನ್ನು ಲೇತಿಗೆ ಕೊಟ್ಟು ಹನ್ನೆರಡು ಬಿರಡೆ ಮಾಡಿದ. ಒಂದೊಂದನ್ನೂ ಅಂಟು ಹಚ್ಚಿ ತಿರುಗಿಸಿ ಕೂರಿಸಿದ. ನೀರಿನ ಮಟ್ಟ ತೋರಿಸಲು ಪೈಪಿನೊಳಗೆ ತೇಲುವ ಬುರುಡೆ ಏರಿಳಿಯುವಾಗ ಎಲ್ಲೂ ತಡೆಯಬಾರದೆಂದು ಕೋಲಿಗೆ ಎಮರಿ ಕಾಗದ ಸುತ್ತಿ ಪೈಪಿನ ಒಳಮೈ ಉಜ್ಜಿದ. ಟಾರ್ಚು ಹಿಡಿದು ನಿಂತ ಲಾವಣ್ಯಳಿಗೆ ಅವನ ಬೆವರಿದ ಬೆನ್ನು ನೋಡಿ ತನ್ನ ಅವಸರದ ಬಗ್ಗೆಯೇ ನಾಚಿಕೆಯಾಯಿತು.

ಕೊನೆಗೆ ಪೈಪನ್ನು ನೀರಿನ ಡ್ರಮ್ಮಿಗೆ ಇಳಿಸಿದರು. ಸಿದ್ದರಾಜು ಸ್ಟೂಲು ಹತ್ತಿ, ಒಳಗೆ ಟಾರ್ಚು ಬಿಟ್ಟು, ಪೈಪಿನ ಬಾಯಿಗೆ ಕಣ್ಣಿಟ್ಟ.

"ಅಲೆ ಬರ್ಲಿ ಮೇಡಂ."

ಲಾವಣ್ಯ ಎರಡೂ ಕೈಯಿಂದ ನೀರು ಬಡಿದಳು. ನೀರು ಎಗರಿ ಅವಳ ದುಪಟ್ಟಾ ತೊಯ್ದಿತು, ಸಿದ್ದರಾಜುವಿನ ಪ್ಯಾಂಟು ತೊಯ್ದಿತು. ಕೆಳಗೆ ಕಿತ್ತಳೆ ಬಣ್ಣದ ಬುರುಡೆ ಇದ್ದಲ್ಲೇ ಇತ್ತು.

"ಇನ್ನೂ ಜೋರಾಗಿ ಮೇಡಂ, ಇನ್ನೂ ಜೋರಾಗಿ!"

ಹೊರಗೆ ಜೀಪಿನವನು ಹಾರನ್ ಹೊಡೆದ. ಸಿದ್ದರಾಜು ಪೈಪಿನಿಂದ ಮುಖ ಎತ್ತಲಿಲ್ಲ.