ಗೌರಮ್ಮನ ಕೈಯಲ್ಲಿ ಬೀಗದ ಕೈ

ಪುಸ್ತಕ ಬಿಡುಗಡೆಯ ಆಹ್ವಾನ ಪತ್ರಿಕೆಯಲ್ಲಿ ಹದಿಮೂರು ಹೆಸರುಗಳಿದ್ದವು. ಪುಸ್ತಕ ಬರೆದ ಯಶೋಧಳದ್ದು ಹದಿಮೂರನೆಯದು, ಅದೂ ಜಾಗ ಸಾಲದೆ ಸಣ್ಣಕ್ಷರದಲ್ಲಿ. ಇರಲಿ ಬಿಡಿ, ಅವಳು ಹೆಸರಿಗೆ ಬಾಯಿ ಬಿಡುವವಳಲ್ಲ. ಅವಳಿಗೆ ಬೇಕಿದ್ದದ್ದು ಕೆಳಗಿನ ಒಂದೇ ಸಾಲು: ‘ಸಂಜೆ ನಾಲ್ಕರಿಂದ ಐದು, ಲೇಖಕಿಯ ಮಾತು. ನಂತರ ಹಸ್ತಾಕ್ಷರ.’

ಬಿಂಡಿಗನವಿಲೆ ಪಕ್ಕದ ಊರಿನ ಡೇರಿಯಲ್ಲಿ ಯಶೋಧ ಕಾರ್ಯದರ್ಶಿ. ಬೆಳಿಗ್ಗೆ ಸಂಜೆ ಜನರ ಹಾಲು ಅಳೆದು, ನಡುವಿನ ಹೊತ್ತಿನಲ್ಲಿ ಏಳು ವರ್ಷ ಕೂತು ಬರೆದ ಪುಸ್ತಕವದು. ಮೂರನೇ ಅಧ್ಯಾಯ ಪೂರಾ ಅವಳ ಅವ್ವ ಗೌರಮ್ಮನದು. ಗೌರಮ್ಮ, ಇವತ್ತು ಕಾರ್ಯಕ್ರಮ ನಡೆಯುವ ಟೌನಿನ ಗ್ರಂಥಾಲಯದಲ್ಲೇ ಇಪ್ಪತ್ತೆರಡು ವರ್ಷ ಕಸ ಗುಡಿಸಿದವಳು. ಬೆಳಿಗ್ಗೆ ಬಾಗಿಲು ತೆಗೆಯುವುದೂ ಅವಳೇ, ಸಂಜೆ ಬೀಗ ಹಾಕುವುದೂ ಅವಳೇ. ಅಷ್ಟು ವರ್ಷದಲ್ಲಿ ಒಂದು ದಿನವೂ ಅಲ್ಲಿನ ಕುರ್ಚಿಯಲ್ಲಿ ಕೂತವಳಲ್ಲ. ಬುತ್ತಿ ಬಿಚ್ಚುತ್ತಿದ್ದದ್ದು ಹಿಂದಿನ ಮೆಟ್ಟಿಲ ಮೇಲೆ. ಓದಲು ಬಾರದು.

“ಮನೇಲೇ ಓದಿ ನಂಗೇಳ್ಬಾರ್ದ ಮಗ?” ಎಂದು ಗೌರಮ್ಮ ಎಷ್ಟು ಸಲ ಕೇಳಿದ್ದಳೋ.

“ಊಹೂಂ ಕಣವ್ವ. ಅಲ್ಲೇ ಓದ್ಬೇಕು. ನೀನು ಕುರ್ಚಿ ಮ್ಯಾಲೆ ಕೂತ್ಕಂಡು ಕೇಳ್ಬೇಕು.”

ಮುಂದಿನ ತಿಂಗಳು ಆ ಹಳೇ ಕಟ್ಟಡವನ್ನು ಕೆಡವುವವರಿದ್ದರು. ಇವತ್ತು ತಪ್ಪಿದರೆ ಕುರ್ಚಿಯೂ ಇಲ್ಲ, ಕೋಣೆಯೂ ಇಲ್ಲ.

ಮೂರಕ್ಕೆ ಶುರುವಾಗಬೇಕಿದ್ದ ಕಾರ್ಯಕ್ರಮ ಮುಕ್ಕಾಲು ಗಂಟೆ ತಡ. ಯಶೋಧ ಬಂದ ಕೂಡಲೇ ಅವ್ವನನ್ನು ಕೈ ಹಿಡಿದು ಮುಂದಿನ ಸಾಲಿನ ಮಧ್ಯದಲ್ಲೇ ಕೂರಿಸಿದಳು. ಗೌರಮ್ಮ ಕುರ್ಚಿಯ ತುದಿಗೆ ಅಂಟಿಕೊಂಡಳು, ಕೂತಂತೆಯೂ ಅಲ್ಲ, ನಿಂತಂತೆಯೂ ಅಲ್ಲ. ಅಷ್ಟರಲ್ಲಿ ಬಿಳಿ ಬಟ್ಟೆಯವರಿಬ್ಬರು ಅತ್ತ ಬಂದರು. ಅವರು ಕೇಳಲೂ ಇಲ್ಲ, ಈ ಪುಣ್ಯಾತ್ಗಿತ್ತಿ ಎದ್ದು ಹೋಗಿ ಬಾಗಿಲ ಪಕ್ಕ ನಿಂತುಬಿಟ್ಟಳು! ಎಳೆದು ಕೂರಿಸೋಣವೆಂದರೆ ಯಶೋಧ ಆಗಲೇ ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಸಿಕ್ಕಿಬಿದ್ದಿದ್ದಳು.

ಆಮೇಲೆ ಶುರುವಾಯಿತು ನೋಡಿ. ಸ್ವಾಗತ, ಪ್ರಾರ್ಥನೆ, ದೀಪ, ಶಾಲು, ಹಣ್ಣಿನ ಬುಟ್ಟಿ. ಬಿಡುಗಡೆಯ ಫೋಟೋಕ್ಕೆ ಹನ್ನೆರಡು ಜನ ಪುಸ್ತಕವನ್ನು ಎದೆಗೊತ್ತಿ ಹಿಡಿದರು, ಒಬ್ಬರದು ತಲೆಕೆಳಗಾಗಿತ್ತು. ಅಧ್ಯಕ್ಷರು ತಮ್ಮ ಕಾಲೇಜು ದಿನಗಳ ಕಬಡ್ಡಿಯ ಬಗ್ಗೆ ಐವತ್ತು ನಿಮಿಷ ಮಾತಾಡಿದರು. ಪುಸ್ತಕದ ಹೆಸರು ಅವರ ಬಾಯಲ್ಲಿ ಒಂದು ಸಲವೂ ಬರಲಿಲ್ಲ. ಪಾಂಡವಪುರದಲ್ಲಿ ಇನ್ನೊಂದು ಫಂಕ್ಷನ್ ಇದೆಯೆಂದು ಎದ್ದು ಹೊರಟರು, ಅವರ ಹಿಂದೆ ಅರ್ಧ ಸಭೆಯೂ ಹೊರಟಿತು.

ಗಡಿಯಾರದಲ್ಲಿ ಐದೂ ಇಪ್ಪತ್ತು. ಉಳಿದವರು ಡೇರಿಯ ಹೆಂಗಸರು ಮತ್ತು ದಿನಾ ಪೇಪರ್ ಓದಲು ಬರುವ ನಾಲ್ಕೈದು ಮುದುಕರು. ಮೈಕಿನವನು ವಯರು ಸುತ್ತುತ್ತಿದ್ದ. ಗ್ರಂಥಪಾಲಕ ನಾಗಾರ್ಜುನ ಕೈ ಹಿಸುಕಿಕೊಳ್ಳುತ್ತಾ ಬಂದ. ಕೆಟ್ಟವನಲ್ಲ ಪಾಪ, ಅಂಜುಬುರುಕ.

“ಮೇಡಂ, ಎರಡೇ ಎರಡು ಮಾತು. ಐದೂವರೆಗೆ ಬಾಗಿಲು ಹಾಕ್ಲೇಬೇಕು.”

ಯಶೋಧಳಿಗೆ ಕಣ್ಣು ತುಂಬಿ ಬಂತು. ಅಳುವ ಹೊತ್ತಲ್ಲ ಇದು ಎಂದು ಸೆರಗಿನಲ್ಲಿ ಮುಖ ಒರೆಸಿ ಎದ್ದಳು.

“ಎರಡು ಮಾತಾಡಕ್ಕೆ ಬಂದಿಲ್ಲ ಸಾರ್. ಒಂಬತ್ತು ಪುಟ ಓದಕ್ಕೆ ಬಂದಿವ್ನಿ. ಓದೇ ಓಗೋದು.”

“ಮೈಕೂ ಇಲ್ವಲ್ಲ ಮೇಡಂ...”

“ಡೇರಿಲಿ ಅರವತ್ ಜನನ ಮೈಕಿಲ್ದೆ ಸಾಲಲ್ಲಿ ನಿಲ್ಲಿಸ್ತೀನಿ.”

ಅಷ್ಟರಲ್ಲಿ ಅಟೆಂಡರ್ ಕನಕರಾಜು ಪಟಪಟ ಕಿಟಕಿ ಮುಚ್ಚುತ್ತಾ, ಬೀಗದ ಕೈ ಗಲಗಲ ಆಡಿಸುತ್ತಾ ಬಾಗಿಲಿಗೆ ಬಂದ. ಬಾಗಿಲಲ್ಲಿ ಗೌರಮ್ಮ ನಿಂತಿದ್ದಳು. ಒಂದೂವರೆ ಗಂಟೆಯಿಂದ ತುಟಿ ಬಿಚ್ಚದವಳು ಈಗ ಕೈ ಚಾಚಿದಳು.

“ಲೇ ಕನಕ, ಕೊಡ್ಲಾ ಇತ್ಲಾಗೆ.”

“ಅವ್ವ, ಟೈಮಾಯ್ತು...”

“ಈ ಬಾಗ್ಲ ಟೈಮು ನಂಗೇಳ್ಕೊಡ್ತೀಯಾ? ಬೀಗ ವಸಿ ಎತ್ತಿ ತಿರುಗಿಸ್ಬೇಕು ಅಂತ ನಿಂಗೆ ಕಲ್ಸ್ದೋಳ್ಯಾರ್ಲಾ? ಅಷ್ಟೊತ್ತಿಂದ ಕಂಡೋರ ಕಬಡ್ಡಿ ಕೇಳಕ್ಕೆ ಟೈಮಿತ್ತು, ನನ್ ಮಗಳ ಮಾತ್ಗೆ ಇಲ್ವಾ?”

ಕನಕರಾಜು ನಾಗಾರ್ಜುನನ ಮುಖ ನೋಡಿದ. ನಾಗಾರ್ಜುನ ಚಾವಣಿ ನೋಡಿದ. ಬೀಗದ ಕೈ ಗೌರಮ್ಮನ ಕೈಗೆ ಬಂತು. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿಯೊಂದನ್ನು ದರದರ ಎಳೆದು ತಂದು ಬಾಗಿಲಿಗೆ ಅಡ್ಡ ಹಾಕಿ ಧಪ್ಪನೆ ಕೂತಳು.

“ಓದು ಮಗ. ಮುಗಿಯೋಗಂಟ ಬಾಗ್ಲು ನಂದು.”

ಡೇರಿಯ ಹೆಂಗಸರು ಚಪ್ಪಾಳೆ ತಟ್ಟಿದರು. ಕನಕರಾಜು ಗೊಣಗುತ್ತಾ ಹೋಗಿ ಕಿಟಕಿ ಮತ್ತೆ ತೆರೆದ. ಯಶೋಧ ವೇದಿಕೆಯಿಂದ ಇಳಿದು, ಕುರ್ಚಿಗಳ ನಡುವೆ ನಿಂತು ಮೂರನೇ ಅಧ್ಯಾಯ ತೆಗೆದಳು.

“ಇಪ್ಪತ್ತೆರಡು ವರ್ಷ ನನ್ನ ಅವ್ವ ಈ ಕೋಣೆಯ ಕುರ್ಚಿಗಳ ಧೂಳು ಒರೆಸಿದಳು. ಒಂದರಲ್ಲೂ ಕೂರಲಿಲ್ಲ.”

ಓದಿ ತಲೆಯೆತ್ತಿದಳು. ಎದುರಿಗೆ ಅವ್ವ ಕುರ್ಚಿಯ ತುಂಬ, ಬೆನ್ನು ಆನಿಸಿ ಕೂತಿದ್ದಳು. ಯಶೋಧ ಸಾಲಿನ ಮೇಲೆ ಬೆರಳಿಟ್ಟು ಮುಂದಕ್ಕೆ ಓದಿದಳು. ಒಂಬತ್ತು ಪುಟವನ್ನೂ ಓದಿದಳು, ಒಂದು ಸಾಲು ಬಿಡಲಿಲ್ಲ. ಚಿಕ್ಕಂದಿನಲ್ಲಿ ತಾನು ಇಲ್ಲೇ ಮೇಜಿನ ಕೆಳಗೆ ಅವಿತು ಕೂತು ಓದಿದ್ದು, ಅವ್ವ ಬೇಕೆಂದೇ ಅಲ್ಲಿ ಮಾತ್ರ ಕಸ ಗುಡಿಸದೆ ಬಿಡುತ್ತಿದ್ದದ್ದು ಎಲ್ಲ ಬಂತು. ಗೌರಮ್ಮ ಒಮ್ಮೆ ನಕ್ಕಳು, ಒಮ್ಮೆ ಅತ್ತಳು, ಕುರ್ಚಿಯಿಂದ ಮಾತ್ರ ಏಳಲಿಲ್ಲ. ಪಕ್ಕದಲ್ಲಿ ಕೂತ ನಾಗಾರ್ಜುನ, “ನನ್ನ ಸರ್ವೀಸಿನಲ್ಲಿ ಬರೆದವರ ಮಾತು ಪೂರ್ತಿ ಕೇಳಿದ್ದು ಇದೇ ಮೊದಲು” ಎಂದು ಯಾರಿಗೆಂದಿಲ್ಲದೆ ಹೇಳಿದ.

ಓದು ಮುಗಿದಾಗ ಆರು ದಾಟಿತ್ತು. ಯಶೋಧ ಒಂದು ಹೊಸ ಪ್ರತಿ ತೆಗೆದುಕೊಂಡು ಅವ್ವನ ಮುಂದೆ ಮೊಣಕಾಲೂರಿದಳು.

“ನಂಗ್ಯಾಕವ್ವ, ಓದಕ್ ಬಂದದಾ?” ಎಂದಳು ಗೌರಮ್ಮ.

ಯಶೋಧ ಮೂರನೇ ಅಧ್ಯಾಯ ತೆರೆದಳು. ‘ಒಂದರಲ್ಲೂ ಕೂರಲಿಲ್ಲ’ ಎಂಬುದನ್ನು ಪೆನ್ನಿನಲ್ಲಿ ಹೊಡೆದುಹಾಕಿ, ಮೇಲೆ ‘ಇವತ್ತು ಕೂತಳು’ ಎಂದು ಬರೆದಳು. ಕೆಳಗೆ ತನ್ನ ಸಹಿ ಹಾಕಿ, ಬರೆದದ್ದನ್ನು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿದಳು.

ಗೌರಮ್ಮ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಂಡಳು. ಹಿಂದಿನಿಂದ ಕನಕರಾಜು ಒಂದು ಪ್ರತಿ ಹಿಡಿದು ಬಂದ.

“ಅಕ್ಕ, ನಂದ್ರಲ್ಲೂ ತಿದ್ಕೊಡಿ.”

ಅವನ ಹಿಂದೆ ಸಾಲು ನಿಂತಿತು. ಯಶೋಧ ಗಡಿಯಾರದ ಕಡೆ ನೋಡಿದಳು. ಗೌರಮ್ಮ ಸೊಂಟದ ಬೀಗದ ಕೈ ಮುಟ್ಟಿಕೊಂಡು ಹೇಳಿದಳು:

“ನಿಧಾನ್ಕೆ ಬರಿ ಮಗ. ಬಾಗ್ಲು ಆಮ್ಯಾಕೆ ನಾನೇ ಆಕ್ಕಂಡ್ ಬತ್ತೀನಿ.”